ಘಟ್ಟದ ಮೇಲಿನವರಿಗೆ ಕ್ರೂಸ್ ಪ್ರಯಾಣದ ಕೈಪಿಡಿ

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಹಿಂದಿನ ಸಾಲಿನ ಸೀಟು ಖಾಲಿಯಿದ್ದರೂ ನಮ್ಮ ಕಡೆಯ ಜನ ಅಲ್ಲಿ ಕೂರಲು ಹಿಂಜರಿಯುತ್ತಾರೆ. ಹಿಂದಿನ ಸೀಟು ಎತ್ತಿ ಹಾಕುತ್ತದೆ, ನಾಲ್ಕು ತಿರುವು ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ ಎಂಬುದು ನಾವು ಚಿಕ್ಕಂದಿನಲ್ಲೇ ಕಲಿತ ಪಾಠ. ಸಮುದ್ರವನ್ನು ಶಾಲೆಯ ಪ್ರವಾಸದಲ್ಲಿ ಮಾತ್ರ ಕಂಡಿದ್ದ ನನ್ನಂಥ ಕಾಫಿ ಬೆಳೆಗಾರನಿಗೆ ಕ್ರೂಸ್ ಹಡಗಿನ ವಿಷಯದಲ್ಲಿ ಮೊದಲು ನೆರವಿಗೆ ಬಂದದ್ದು ಇದೇ ಪಾಠ. ಕಳೆದ ಹದಿಮೂರು ವರ್ಷಗಳಲ್ಲಿ ನಾನೂ ನನ್ನ ಪತ್ನಿಯೂ ಹದಿನೇಳು ಬಾರಿ ಹಡಗು ಹತ್ತಿ ಇಳಿದಿದ್ದೇವೆ. ಚಿಕ್ಕಮಗಳೂರು, ಹಾಸನದ ಕಡೆಯಿಂದ ಮೊದಲ ಬಾರಿಗೆ ಹೊರಟವರು ಮನೆಗೆ ಬಂದು ಈಜುಕೊಳ ಹೇಗಿರುತ್ತದೆ, ಊಟಕ್ಕೆ ಏನೇನಿರುತ್ತದೆ ಎಂದು ವಿಚಾರಿಸುತ್ತಾರೆ. ಅವರಿಗೆ ನಾನು ಮೊದಲು ಹೇಳುವುದೆಂದರೆ, ಜಾಹೀರಾತುಗಳು ಹೇಳುವ ‘ತೇಲುವ ಹೋಟೆಲು’ ಎಂಬ ಮಾತನ್ನು ಮರೆತು, ಹಡಗನ್ನು ಮಲಗುವ ಕೋಣೆಗಳುಳ್ಳ ಒಂದು ವಾಹನವೆಂದು ತಿಳಿಯಿರಿ ಎಂದು. ಅದು ಅಲುಗಾಡುತ್ತದೆ, ದೇಶಗಳ ಗಡಿ ದಾಟುತ್ತದೆ, ಯಾರಿಗೂ ಕಾಯದೆ ಹೊರಡುತ್ತದೆ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇದನ್ನು ಮರೆತವರಿಗೇ ಬಂದಿವೆ. ಅವುಗಳಲ್ಲಿ ಕೆಲವು ನನಗೇ ಬಂದವು.

ಯಾವ ತಿಂಗಳು, ಯಾವ ಸಮುದ್ರ

ತೋಟವಿರುವವರಿಗೆ ಯಾವಾಗ ಹೊರಡಬೇಕೆಂಬುದೇ ದೊಡ್ಡ ಪ್ರಶ್ನೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಆಮೇಲೆ ಹೂಮಳೆ ಬಂದೀತೇ ಎಂದು ಆಕಾಶ ನೋಡುವ ಮಾರ್ಚ್ ಮತ್ತು ಏಪ್ರಿಲ್, ಮುಂಗಾರಿಗೆ ಮೊದಲು ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ. ಇವುಗಳ ನಡುವೆ ಹತ್ತು ದಿನ ಹೊಂದಿಸುವುದು ಸುಲಭವಲ್ಲ. ಆದರೆ ನಮ್ಮಲ್ಲಿ ಮಳೆ ಜಡಿ ಹಿಡಿದು ತೋಟಕ್ಕೆ ಇಳಿಯಲಾಗದ ಜೂನ್ ಕೊನೆ ಮತ್ತು ಜುಲೈ ತಿಂಗಳುಗಳೇ ಅಲಾಸ್ಕಾ ಮತ್ತು ನಾರ್ವೆಯ ಕಡೆ ಹಡಗುಗಳಿಗೆ ಒಳ್ಳೆಯ ಕಾಲ. ಅಲಾಸ್ಕಾದ ಋತು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಮೆಡಿಟರೇನಿಯನ್ ಸಮುದ್ರಕ್ಕೆ ಜುಲೈ ಮತ್ತು ಆಗಸ್ಟ್‌ನಲ್ಲಿ ಹೋಗಬೇಡಿ ಎಂಬುದು ನನ್ನ ಸಲಹೆ; ಬಿಸಿಲೂ ಜನಸಂದಣಿಯೂ ವಿಪರೀತ, ದರವೂ ಏರಿರುತ್ತದೆ. ಅಕ್ಟೋಬರ್ ಮೊದಲ ವಾರ ಎಷ್ಟೋ ಮೇಲು. ಕೆರಿಬಿಯನ್ ಕಡೆ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲವಾದ್ದರಿಂದ, ಆಗ ಅಗ್ಗದ ಟಿಕೆಟ್ ಸಿಕ್ಕಿತೆಂದು ಹೋಗುವವರು ಹಡಗಿನ ಮಾರ್ಗ ಬದಲಾದರೆ ಗೊಣಗಬಾರದು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆ ಹೊರಡುವ ಪ್ರಯಾಣಗಳು ಮಳೆಗಾಲ ಕಳೆದ ಮೇಲಿನವು. ಅರಬ್ಬೀ ಸಮುದ್ರ ಮುಂಗಾರಿನಲ್ಲಿ ಹೇಗಿರುತ್ತದೆಂದು ಪಣಂಬೂರಿನ ದಡದಲ್ಲಿ ನಿಂತು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಪೂರ್ವ ಕರಾವಳಿಯಲ್ಲಿ ಮಾತ್ರ ಆ ತಿಂಗಳುಗಳಲ್ಲೂ ಹಡಗು ಹೊರಟದ್ದುಂಟು: ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2023ರ ಜೂನ್‌ನಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೆ ಪ್ರಯಾಣ ಆರಂಭಿಸಿತು.

ಮೊದಲ ಪ್ರಯಾಣಕ್ಕೆ ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆ ಹೋಗಿ ಮರಳುವ ನಾಲ್ಕೈದು ರಾತ್ರಿಗಳ ಪ್ರವಾಸ ಸೂಕ್ತ. ಎರಡು ರಾತ್ರಿಯ ಪ್ರವಾಸದಲ್ಲಿ ಮೊದಲ ದಿನ ಹತ್ತುವುದರಲ್ಲಿ, ಕೊನೆಯ ಬೆಳಿಗ್ಗೆ ಇಳಿಯುವುದರಲ್ಲಿ ಕಳೆದುಹೋಗುತ್ತದೆ. ಎಲ್ಲಿಯೂ ನಿಲ್ಲದೆ ಇಡೀ ದಿನ ಸಮುದ್ರದಲ್ಲೇ ಸಾಗುವ ಒಂದು ದಿನವಾದರೂ ಇರುವ ಪ್ರಯಾಣವನ್ನು ಆರಿಸಿಕೊಂಡರೆ, ಈ ಬಗೆಯ ಸಂಚಾರ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ತಿಳಿದುಬಿಡುತ್ತದೆ.

ಕೋಣೆ ಆರಿಸುವುದು

ಈಗ ಬಸ್ಸಿನ ಪಾಠಕ್ಕೆ ಬರುತ್ತೇನೆ. ಹಡಗಿನ ಮೂತಿಯ ಕಡೆಯ ಕೋಣೆಗಳು ಅಲೆಗೆ ಮೇಲೆ ಕೆಳಗೆ ಹೆಚ್ಚು ಏರಿಳಿಯುತ್ತವೆ. ಹಿಂಬದಿಯ ಕೋಣೆಗಳಲ್ಲಿ ಏರಿಳಿತದ ಜೊತೆಗೆ ಯಂತ್ರದ ನಡುಕವೂ ಸೇರಬಹುದು. ಎತ್ತರದ ಅಂತಸ್ತುಗಳು ಪಕ್ಕಕ್ಕೆ ಹೆಚ್ಚು ತೂಗುತ್ತವೆ. ತೆಂಗಿನಮರದ ಬುಡಕ್ಕಿಂತ ತುದಿ ಹೆಚ್ಚು ತೂಗುವಂತೆ. ಆದ್ದರಿಂದ ಹೊಟ್ಟೆ ತೊಳಸುವ ಭಯವಿರುವವರು ಉದ್ದದಲ್ಲಿ ನಡುಭಾಗವನ್ನೂ ಎತ್ತರದಲ್ಲಿ ಕೆಳಗಿನ ಅಂತಸ್ತನ್ನೂ ಆರಿಸಿಕೊಳ್ಳಬೇಕು. ಇಂದಿನ ಹಡಗುಗಳಿಗೆ ನೀರಿನೊಳಗೆ ಎರಡೂ ಬದಿಗೆ ಮೀನಿನ ಈಜುರೆಕ್ಕೆಯಂತೆ ಚಾಚಿಕೊಳ್ಳುವ ಸ್ಟೆಬಿಲೈಸರ್‌ಗಳಿರುತ್ತವೆಯಾದರೂ ಅವು ತಗ್ಗಿಸುವುದು ಪಕ್ಕದ ತೂಗಾಟವನ್ನು. ಮೂತಿ ಏಳುವುದು ಬೀಳುವುದು ಅವುಗಳಿಂದ ನಿಲ್ಲುವುದಿಲ್ಲ. ಹೆಚ್ಚಿನ ಹಣ ಕೊಟ್ಟು ತುತ್ತತುದಿಯ ಮುಂಬದಿಯ ಕೋಣೆ ಹಿಡಿದು, ಮೂರು ದಿನ ತಲೆ ಎತ್ತದೆ ಮಲಗಿದವರನ್ನು ನಾನು ನೋಡಿದ್ದೇನೆ.

ಕೋಣೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆ: ಕಿಟಕಿಯಿಲ್ಲದ ಇನ್‌ಸೈಡ್, ಕಿಟಕಿಯಿರುವ ಓಷನ್‌ವ್ಯೂ, ಬಾಲ್ಕನಿ ಮತ್ತು ಸೂಟ್. ಅಲಾಸ್ಕಾ ಮತ್ತು ನಾರ್ವೆಗೆ ಬಾಲ್ಕನಿಗಾಗಿ ಹಣ ಸುರಿದರೂ ನಷ್ಟವಿಲ್ಲ, ಏಕೆಂದರೆ ಅಲ್ಲಿ ಹಿಮನದಿಯೂ ಬೆಟ್ಟವೂ ಕೋಣೆಯ ಮುಂದೆಯೇ ಹಾದುಹೋಗುತ್ತವೆ. ಬೇರೆಡೆ, ದಿನವಿಡೀ ಹೊರಗೇ ತಿರುಗುವವರಿಗೆ ಇನ್‌ಸೈಡ್ ಸಾಕು. ಅದರ ಕತ್ತಲೆ ಮಾತ್ರ ಮೋಸಗಾರ: ಬೆಳಿಗ್ಗೆ ಒಂಬತ್ತಾದರೂ ಮಧ್ಯರಾತ್ರಿಯಂತೆ ತೋರುತ್ತದೆ. ಹಡಗಿನ ಮುಂಭಾಗದ ಕ್ಯಾಮೆರಾ ದೃಶ್ಯ ತೋರಿಸುವ ಟಿವಿ ಚಾನೆಲ್ ಇದ್ದರೆ ಅದನ್ನು ಧ್ವನಿಯಿಲ್ಲದೆ ಹಾಕಿಟ್ಟು ಮಲಗಿ. ಹೊರಗೆ ಬೆಳಗಾದಾಗ ಕೋಣೆಯಲ್ಲೂ ಬೆಳಕಾಗುತ್ತದೆ.

ಕೋಣೆಯ ಸಂಖ್ಯೆ ಒಪ್ಪಿಕೊಳ್ಳುವ ಮೊದಲು ಕಂಪನಿಯ ಜಾಲತಾಣದಲ್ಲಿರುವ ಅಂತಸ್ತಿನ ನಕ್ಷೆ ತೆಗೆದು, ನಿಮ್ಮ ಕೋಣೆಯ ಮೇಲೆ ಮತ್ತು ಕೆಳಗೆ ಏನಿದೆ ಎಂದು ನೋಡಲೇಬೇಕು. ನಮ್ಮ ಎರಡನೆಯ ಪ್ರಯಾಣದಲ್ಲಿ ಈಜುಕೊಳದ ಅಂಗಳದ ನೇರ ಕೆಳಗಿನ ಕೋಣೆ ಸಿಕ್ಕಿತ್ತು. ಪ್ರತಿದಿನ ಬೆಳಿಗ್ಗೆ ಐದಕ್ಕೆ ಸಿಬ್ಬಂದಿ ನೆಲ ತೊಳೆಯಲು ಒರಗು ಕುರ್ಚಿಗಳನ್ನು ಎಳೆಯುತ್ತಿದ್ದರು. ಕಾಫಿ ಕಣದಲ್ಲಿ ಯಾರೋ ಹಲಗೆ ಎಳೆಯುತ್ತಿದ್ದಾರೆಂದು ನಿದ್ದೆಗಣ್ಣಿನಲ್ಲಿ ಕೂಗಿ ಬೈದೆನೆಂದು ಪತ್ನಿ ಈಗಲೂ ನೆನಪಿಸುತ್ತಾಳೆ. ಮೇಲೂ ಕೆಳಗೂ ಬರೀ ಕೋಣೆಗಳೇ ಇರುವ ಅಂತಸ್ತು ಉತ್ತಮ. ‘ಗ್ಯಾರಂಟಿ’ ಎಂಬ ಹೆಸರಿನಲ್ಲಿ ಮಾರುವ ಅಗ್ಗದ ಟಿಕೆಟ್‌ಗಳಲ್ಲಿ ಕೋಣೆಯ ಸಂಖ್ಯೆಯನ್ನು ಕಂಪನಿಯೇ ನಿರ್ಧರಿಸುವುದರಿಂದ, ನಿದ್ದೆ ಸೂಕ್ಷ್ಮವಾಗಿರುವವರು ಅವನ್ನು ತೆಗೆದುಕೊಳ್ಳಬಾರದು. ಕೋಣೆ ಇಕ್ಕಟ್ಟಾದರೂ ಗೋಡೆಗಳು ಉಕ್ಕಿನವು. ಅಯಸ್ಕಾಂತದ ಕೊಕ್ಕೆಗಳನ್ನು ನಾಲ್ಕಾರು ಒಯ್ದರೆ ಒದ್ದೆ ಟವೆಲು, ಟೋಪಿ, ಚೀಲಗಳನ್ನೆಲ್ಲ ತೂಗುಹಾಕಬಹುದು.

ಕಾಗದಪತ್ರ ಮತ್ತು ಹಣ

ಪಾಸ್‌ಪೋರ್ಟಿನ ಅವಧಿ ಪ್ರಯಾಣ ಮುಗಿದ ಮೇಲೂ ಆರು ತಿಂಗಳಿಗೆ ಕಡಿಮೆಯಿರಬಾರದು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಎಡವುವುದು ವೀಸಾದ ‘ಎಷ್ಟು ಸಲ ಪ್ರವೇಶ’ ಎಂಬ ಕಾಲಮಿನಲ್ಲಿ. ಹಡಗು ಒಂದು ಬಂದರಿನಿಂದ ಹೊರಟು ಇನ್ನೊಂದು ದೇಶ ಮುಟ್ಟಿ ಮರಳಿದರೆ, ಕಾನೂನಿನ ಲೆಕ್ಕದಲ್ಲಿ ನೀವು ಮೊದಲ ದೇಶ ಬಿಟ್ಟು ಮತ್ತೆ ಒಳಬಂದಂತೆ. ಗ್ರೀಸಿನ ಪಿರೇಯಸ್ ಬಂದರಿನಲ್ಲಿ ನಮ್ಮ ಮುಂದೆಯೇ ಸಾಲಿನಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು ದಂಪತಿಗಳನ್ನು ಹಡಗಿಗೆ ಹತ್ತಿಸಲಿಲ್ಲ. ಅವರ ಬಳಿ ಇದ್ದದ್ದು ಒಂದೇ ಪ್ರವೇಶದ ಶೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ. ಹಡಗು ಟರ್ಕಿಯ ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸಿಗೆ ಬರುವುದಿತ್ತು. ಟರ್ಕಿಯ ವೀಸಾ ಬೇರೆ ಮಾಡಿಸಿಕೊಂಡಿದ್ದರು, ಮರಳಿ ಬರುವುದನ್ನು ಮಾತ್ರ ಟಿಕೆಟ್ ಮಾಡಿಸಿಕೊಟ್ಟವರೂ ಯೋಚಿಸಿರಲಿಲ್ಲ. ಕಟ್ಟಿದ ಹಣವೆಲ್ಲ ಹೋಯಿತು.

ಅಲಾಸ್ಕಾದಲ್ಲಿ ಇದೇ ತೊಡಕಿನ ಮತ್ತೊಂದು ರೂಪವಿದೆ. ಅಮೆರಿಕದ ಸಿಯಾಟಲ್‌ನಿಂದ ಹೊರಟು ಅಮೆರಿಕದ್ದೇ ಆದ ಜೂನೋ, ಸ್ಕ್ಯಾಗ್‌ವೇ, ಕೆಚಿಕನ್ ನೋಡಿ ಸಿಯಾಟಲ್‌ಗೆ ಮರಳುವ ಪ್ರಯಾಣಕ್ಕೆ ಅಮೆರಿಕದ ವೀಸಾ ಸಾಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 1886ರಲ್ಲಿ ಅಮೆರಿಕ ಮಾಡಿದ ಪ್ರಯಾಣಿಕರ ನೌಕಾ ಕಾಯ್ದೆಯ ಪ್ರಕಾರ, ವಿದೇಶಿ ಬಾವುಟದ ಹಡಗು ನಡುವೆ ವಿದೇಶಿ ಬಂದರು ಮುಟ್ಟದೆ ಇಂಥ ಸಂಚಾರ ಮಾಡುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಣಿಯಾದವು. ಹೀಗಾಗಿ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತದೆ, ಆ ಒಂದು ಸಂಜೆಗಾಗಿ ನಮ್ಮವರು ಕೆನಡಾದ ವೀಸಾವನ್ನೂ ಮಾಡಿಸಬೇಕಾಗುತ್ತದೆ. ಸಿಂಗಾಪುರಕ್ಕೆ ಹಡಗಿನಲ್ಲಿ ಮರಳುವಾಗಲೂ ಆಗಮನದ ಕಾರ್ಡನ್ನು ಆನ್‌ಲೈನ್‌ನಲ್ಲಿ ಮತ್ತೊಮ್ಮೆ ತುಂಬಬೇಕೆಂಬುದನ್ನು ಮರೆಯದಿರಿ.

ಹಣದ ವಿಚಾರದಲ್ಲಿ, ಜಾಹೀರಾತಿನ ದರ ತೋಟದ ಬಾಗಿಲಿನ ದರವಿದ್ದಂತೆ. ಸಾಗಣೆ, ಕಮಿಷನ್ ಎಲ್ಲ ಆಮೇಲೆ. ಬಂದರು ಶುಲ್ಕ, ತೆರಿಗೆಗಳು ಸೇರುತ್ತವೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಿಬ್ಬಂದಿಯ ಭಕ್ಷೀಸಿನ ಬಾಬ್ತು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಲೆಕ್ಕಕ್ಕೆ ಬೀಳುತ್ತದೆ. ಇಬ್ಬರಿಗೆ ಏಳು ರಾತ್ರಿಗೆ 224ರಿಂದ 280 ಡಾಲರ್ ಆಯಿತು. ಇದನ್ನು ತಪ್ಪಿಸಿಕೊಳ್ಳಲು ಹವಣಿಸುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ನಮ್ಮ ಹಾಸಿಗೆ ಸರಿಪಡಿಸುವವರ ಸಂಪಾದನೆಯ ಒಂದು ಪಾಲು ಅದೇ. ಒಬ್ಬರೇ ಪ್ರಯಾಣಿಸಿದರೆ ಹಲವು ಕಂಪನಿಗಳು ಇಬ್ಬರ ಕೋಣೆದರವನ್ನೇ ಕೇಳುತ್ತವೆ. ಭಾರತದ ಪ್ರವಾಸ ಸಂಸ್ಥೆಯ ಮೂಲಕ ವಿದೇಶಿ ಪ್ರವಾಸ ಕೊಂಡಾಗ ಮುಂಗಡವಾಗಿ ಹಿಡಿಯುವ ಟಿಸಿಎಸ್ ಎಂಬ ತೆರಿಗೆಯ ಮೊತ್ತವನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದ್ದರಿಂದ ಆ ರಸೀದಿಯನ್ನು ಜೋಪಾನ ಮಾಡಿ.

ಎರಡು ಖರ್ಚುಗಳು ಹೇಳದೆ ಕೇಳದೆ ಬರುತ್ತವೆ. ಒಂದು ಮೊಬೈಲಿನದು. ಹಡಗು ದಡ ಬಿಟ್ಟ ಕೂಡಲೇ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡರೆ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ. ಹತ್ತುತ್ತಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇಕಿದ್ದರೆ ಹಡಗಿನ ವೈಫೈ ಮಾತ್ರ ಬಳಸಿ. ಮತ್ತೊಂದು ವೈದ್ಯರದು. ಒದ್ದೆ ನೆಲದಲ್ಲಿ ಜಾರಿ ಪತ್ನಿಯ ಮಣಿಕಟ್ಟು ಉಳುಕಿದಾಗ ಹಡಗಿನ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು ಪಟ್ಟಿ ಕಟ್ಟಿದರು; ಚಿಕಿತ್ಸೆ ಚೆನ್ನಾಗಿಯೇ ಇತ್ತು, ಬಿಲ್ಲು ಮಾತ್ರ ಒಂದು ಮೂಟೆ ಪಾರ್ಚ್‌ಮೆಂಟ್ ಕಾಫಿಯ ಬೆಲೆಯನ್ನು ಮೀರಿತ್ತು. ಹಡಗಿನಿಂದ ರೋಗಿಯನ್ನು ದಡಕ್ಕೆ ಸಾಗಿಸುವ ವೆಚ್ಚವನ್ನೂ ಭರಿಸುವ ಪ್ರಯಾಣ ವಿಮೆಯಿಲ್ಲದೆ ಹಡಗು ಹತ್ತಬಾರದು.

ಹತ್ತುವ ದಿನ

ಹಡಗು ಹೊರಡುವ ದಿನವೇ ವಿಮಾನದಿಂದ ಇಳಿಯುವ ಯೋಜನೆ ಬೇಡ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಮದುವೆ ಮನೆ ತಲುಪಲಾಗದವರ ಕಥೆ ಸಕಲೇಶಪುರದ ಪ್ರತಿ ಮನೆಯಲ್ಲೂ ಇದೆ. ಅಂಥ ಅಡಚಣೆಗಳು ವಿಮಾನಕ್ಕೂ ಬರುತ್ತವೆ. ಒಂದು ದಿನ ಮುಂಚೆ ಆ ಊರು ಸೇರಿಕೊಳ್ಳಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಪಡೆದುಕೊಂಡು ಕೋಣೆಯ ಬಾಗಿಲಿಗೆ ತಂದಿಡುವಾಗ ಸಂಜೆಯೂ ಆಗಬಹುದಾದ್ದರಿಂದ, ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಕಾಯಿಲ್ ಯಾವುದನ್ನೂ ಒಯ್ಯಬೇಡಿ. ನಡುಗಡಲಿನಲ್ಲಿ ಹಡಗಿಗೆ ಬೆಂಕಿಗಿಂತ ದೊಡ್ಡ ಭಯವಿಲ್ಲ, ತಪಾಸಣೆಯಲ್ಲಿ ಇವನ್ನು ತೆಗೆದಿರಿಸಿಕೊಳ್ಳುತ್ತಾರೆ.

ತುರ್ತು ಸಂದರ್ಭದ ಅಭ್ಯಾಸವನ್ನು, ಅಂದರೆ ಮಸ್ಟರ್ ಡ್ರಿಲ್ ಅನ್ನು, ಕಾಟಾಚಾರವೆಂದು ತಿಳಿಯುವವರು ಬಹಳ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ ಮಗುಚಿ 32 ಮಂದಿ ಸತ್ತಾಗ, ಅದೇ ಸಂಜೆ ಹಡಗು ಹತ್ತಿದ್ದವರಿಗೆ ಈ ಅಭ್ಯಾಸವೇ ನಡೆದಿರಲಿಲ್ಲ, ಮರುದಿನಕ್ಕೆ ನಿಗದಿಯಾಗಿತ್ತು. ಆ ಬಳಿಕ ನಿಯಮ ಬಿಗಿಯಾಗಿ, ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಇದನ್ನು ಮುಗಿಸಬೇಕೆಂದಾಯಿತು. ಏಳು ಚಿಕ್ಕ ಸೀಟಿ, ಆಮೇಲೆ ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕೆಂಬುದು ನಿಮ್ಮ ಕೋಣೆಯ ಕಾರ್ಡಿನ ಮೇಲೆ ಅಥವಾ ಬಾಗಿಲಿನ ಹಿಂದೆ ಬರೆದಿರುತ್ತದೆ. ಆ ಜಾಗಕ್ಕೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಒಮ್ಮೆ ನಡೆದು ನೋಡಿಕೊಳ್ಳಿ.

ಊಟ, ಕಾಫಿ, ಹೊಟ್ಟೆ

ಸಸ್ಯಾಹಾರಿಗಳು ಟಿಕೆಟ್ ಮಾಡಿಸುವಾಗಲೇ ಭಾರತೀಯ ಸಸ್ಯಾಹಾರವೆಂದು, ಬೇಕಿದ್ದರೆ ಜೈನ ಊಟವೆಂದು, ಬರೆಸಿರಬೇಕು. ಬರೀ ಸಸ್ಯಾಹಾರ ಎಂದರೆ ಏಳು ದಿನವೂ ಪಾಸ್ತಾ ಮತ್ತು ಹಸಿ ಸೊಪ್ಪು. ಮೊದಲ ರಾತ್ರಿ ಬಫೆಗೆ ಹೋಗದೆ ಮುಖ್ಯ ಭೋಜನಶಾಲೆಗೆ ಹೋಗಿ ಹೆಡ್ ವೇಟರ್‌ನನ್ನು ಕಂಡು ಮಾತನಾಡಿ. ಹಡಗಿನ ಅಡುಗೆಮನೆಗಳಲ್ಲಿ ಭಾರತದ ಅಡುಗೆಯವರು ಧಾರಾಳವಾಗಿದ್ದಾರೆ, ಮರುದಿನದಿಂದ ಬೇಳೆ ಸಾರು, ಪಲ್ಯ ಬರತೊಡಗುತ್ತದೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲವಾದ್ದರಿಂದ ಚಟ್ನಿಪುಡಿಯಾದರೂ ಅಂಗಡಿಯ ಮೊಹರಾದ ಪೊಟ್ಟಣದಲ್ಲಿರಲಿ.

ಕಾಫಿಯ ವಿಷಯದಲ್ಲಿ ನಾನು ರಾಜಿಯಾದವನಲ್ಲ. ಮೊಹರು ಒಡೆಯದ ಪುಡಿ ಮತ್ತು ಎರಡು ಲೋಟದ ಸ್ಟೀಲ್ ಫಿಲ್ಟರ್ ಯಾವಾಗಲೂ ನನ್ನ ಜೊತೆಗಿರುತ್ತವೆ. ಬಿಸಿನೀರು, ಹಾಲು ಬಫೆಯಲ್ಲಿ ಸಿಗುತ್ತವೆ. ಒಮ್ಮೆ ಎಕ್ಸ್‌ರೇ ಯಂತ್ರದ ಮುಂದೆ ಕಾವಲು ಅಧಿಕಾರಿಣಿ ಈ ಫಿಲ್ಟರನ್ನು ಕಂಡು ಚೀಲ ಬಿಚ್ಚಿಸಿದಳು. ಮೇಲಿನ ಪಾತ್ರೆ ಎತ್ತಿ ತೂತುಗಳನ್ನು ಬೆಳಕಿಗೆ ಹಿಡಿದಳು, ಒತ್ತುಬಿಲ್ಲೆಯ ಹಿಡಿಯನ್ನು ತಿರುಗಿಸಿ ನೋಡಿದಳು, ಕೊನೆಗೆ ಮೂಗಿನ ಹತ್ತಿರ ತಂದು ಮೂಸಿ ನಕ್ಕು ಬಿಟ್ಟಳು. ನಮ್ಮ ಕಾಫಿಗೂ ಹಡಗಿಗೂ ಹಳೆಯ ನಂಟು: ಹಾಯಿಹಡಗುಗಳ ಕಾಲದಲ್ಲಿ ಬೀಜ ಯೂರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿದು, ಸಮುದ್ರದ ತೇವಕ್ಕೆ ಉಬ್ಬಿ ಹಳದಿಯಾಗುತ್ತಿತ್ತು. ಆ ರುಚಿಗೆ ಒಗ್ಗಿಹೋದ ಅಲ್ಲಿಯವರಿಗಾಗಿ ಇಂದಿಗೂ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಹರಡಿ ಮಾನ್ಸೂನ್ಡ್ ಮಲಬಾರ್ ಕಾಫಿ ತಯಾರಿಸುತ್ತಾರೆ.

ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ನುಂಗಿದರೆ ಪ್ರಯೋಜನ ಕಡಿಮೆ. ಘಾಟಿ ಇಳಿಯುವ ಮುನ್ನ ಅವೋಮಿನ್ ತೆಗೆದುಕೊಳ್ಳುವಂತೆ ಮುಂಚಿತವಾಗಿಯೇ ತೆಗೆದುಕೊಳ್ಳಬೇಕು. ಅದು ನಿದ್ದೆ ಬರಿಸುತ್ತದೆ; ಬಿಪಿ, ಸಕ್ಕರೆ ಇರುವವರು ನಿಮ್ಮ ವೈದ್ಯರನ್ನು ಕೇಳಿಯೇ ಒಯ್ಯಿರಿ. ಕೋಣೆಯಲ್ಲಿ ಮಲಗಿ ಮೊಬೈಲು ನೋಡುವುದು ತೊಂದರೆಯನ್ನು ಹೆಚ್ಚಿಸುತ್ತದೆ. ಹೊರಗೆ, ನಡುಭಾಗದಲ್ಲಿ ನಿಂತು, ಸಮುದ್ರವೂ ಆಕಾಶವೂ ಸೇರುವ ಗೆರೆಯನ್ನು ನೋಡುತ್ತ ತಣ್ಣನೆಯ ಗಾಳಿ ಕುಡಿಯಬೇಕು. ಶುಂಠಿ ನೆರವಾಗುತ್ತದೆ. ಹಡಗಿನ ಸಿಬ್ಬಂದಿ ಹಸಿರು ಸೇಬು ಮತ್ತು ಉಪ್ಪು ಬಿಸ್ಕತ್ತು ಕೊಡುತ್ತಾರೆ, ಖಾಲಿ ಹೊಟ್ಟೆಗಿಂತ ಅದು ಮೇಲು. ಹಡಗುಗಳಲ್ಲಿ ಆಗಾಗ ಹರಡುವ, ವಾಂತಿಭೇದಿ ತರುವ ನೊರೋವೈರಸ್‌ಗೆ ಬಾಗಿಲಲ್ಲಿ ಹಿಂಡುವ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವುದೇ ದಾರಿ.

ಬಂದರಿನಲ್ಲಿ ಇಳಿದಾಗ

ಟಿಕೆಟಿನಲ್ಲಿ ‘ರೋಮ್’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಸುಮಾರು 80 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾದಲ್ಲಿ. ಫ್ಲಾರೆನ್ಸ್ ಎಂದರೆ ಲಿವೋರ್ನೊ, ಬ್ಯಾಂಕಾಕ್ ಎಂದರೆ ಲೇಮ್ ಚಬಾಂಗ್. ಈ ದೂರದ ಅರ್ಥ ತಿಳಿಯಬೇಕಾದರೆ ನಮ್ಮ ಕಡೆಯಿಂದಲೇ ನೋಡಬಹುದು: ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿಕೊಂಡು ಸಂಜೆಗೆ ಹಡಗು ಸೇರುತ್ತಾರೆ. ಬೇಲೂರು, ಹಳೇಬೀಡಿಗೆ ಬರಲು ಅವರಿಗೆ ಆಸೆಯಿದ್ದರೂ ಘಾಟಿ ಹತ್ತಿ ಇಳಿಯುವಷ್ಟು ಹೊತ್ತು ಅವರ ಬಳಿ ಇರುವುದಿಲ್ಲ. ನೀವೂ ಪರದೇಶದ ಬಂದರಿನಲ್ಲಿ ಅದೇ ಸ್ಥಿತಿಯಲ್ಲಿರುತ್ತೀರಿ. ಹತ್ತು ಗಂಟೆ ಸಿಕ್ಕರೆ ಒಂದೇ ಊರು ನೋಡಿ, ಆರು ಗಂಟೆ ಸಿಕ್ಕರೆ ಬಂದರಿನ ಊರನ್ನೇ ನೋಡಿ. ಲಿವೋರ್ನೊದ ಮೀನಿನ ಮಾರುಕಟ್ಟೆಯೂ ನೋಡತಕ್ಕದ್ದೇ.

ಹಡಗು ಹೊರಡುವುದಕ್ಕೆ ಅರ್ಧ ಗಂಟೆ ಅಥವಾ ಒಂದು ಗಂಟೆ ಮೊದಲು ಎಲ್ಲರೂ ಒಳಗಿರಬೇಕು. ಕಂಪನಿಯೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ ಅಥವಾ ಕಂಪನಿಯೇ ಮುಂದಿನ ವ್ಯವಸ್ಥೆ ಮಾಡುತ್ತದೆ. ನೀವೇ ಟ್ಯಾಕ್ಸಿ ಹಿಡಿದು ತಡವಾದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಆದ್ದರಿಂದ ದೂರದ ಊರಿಗೆ ದುಬಾರಿಯಾದರೂ ಹಡಗಿನ ಪ್ರವಾಸ, ಹತ್ತಿರದ ಊರಿಗೆ ಸ್ವಂತ ಓಡಾಟ ಎಂಬುದು ನಾನು ಪಾಲಿಸುವ ರೀತಿ. ಇದನ್ನು ಮುರಿದು ಫ್ಲಾರೆನ್ಸ್‌ಗೆ ರೈಲಿನಲ್ಲಿ ಹೋದ ಒಂದೇ ದಿನ, ಮರಳುವ ರೈಲು ಪೀಸಾ ಬಳಿ ಮುಕ್ಕಾಲು ಗಂಟೆ ನಿಂತುಬಿಟ್ಟಿತು. ನಾವು ಓಡಿಬಂದು ಮೆಟ್ಟಿಲು ಹತ್ತಿದಾಗ ಸಿಬ್ಬಂದಿ ಹಗ್ಗದ ಕಂಬಗಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆಯಾಗಿರಬಹುದು, ಮೊಬೈಲು ಊರಿನ ಸಮಯವನ್ನೇ ತೋರಿಸುತ್ತದೆ. ಅದಕ್ಕಾಗಿ ನಾನು ತಂದೆಯವರ ಹಳೆಯ ಎಚ್‌ಎಂಟಿ ಕೈಗಡಿಯಾರಕ್ಕೆ ಹಡಗಿನ ಸಮಯ ಇಟ್ಟು ಕೀ ಕೊಟ್ಟುಕೊಂಡೇ ಇಳಿಯುತ್ತೇನೆ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಓಣಿಯಲ್ಲಿಡಲು ಹೇಳುತ್ತಾರೆ. ಅವು ಮತ್ತೆ ಕೈಗೆ ಸಿಗುವುದು ಮರುದಿನ ದಡದಲ್ಲಿ. ಇಳಿಯುವ ದಿನದ ವಿಮಾನ ಮಧ್ಯಾಹ್ನಕ್ಕಿಂತ ಮೊದಲಿರದಿದ್ದರೆ ಒಳ್ಳೆಯದು. ಪೆಟ್ಟಿಗೆ ಹೊರಗಿಡುವ ಮುನ್ನ ಬೆಳಿಗ್ಗೆ ತೊಡುವ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟ್ ಹೊರಗಿವೆಯೇ ಎಂದು ಇಬ್ಬರೂ ಬೇರೆ ಬೇರೆಯಾಗಿ ನೋಡಿಕೊಳ್ಳಿ. ನಮ್ಮ ಮೊದಲ ಪ್ರಯಾಣದಲ್ಲಿ ನಾನು ಇದ್ದಬದ್ದ ಪ್ಯಾಂಟುಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ತುಂಬಿ, ಬೀಗ ಹಾಕಿ, ಓಣಿಯಲ್ಲಿಟ್ಟು ನಿಶ್ಚಿಂತನಾಗಿ ಮಲಗಿದೆ. ಬಾರ್ಸಿಲೋನಾದ ಕಸ್ಟಮ್ಸ್ ಅಧಿಕಾರಿಗಳ ಎದುರು ಮರುದಿನ ಬೆಳಿಗ್ಗೆ ಪಂಚೆಯುಟ್ಟು ನಿಂತಿದ್ದವನು ನಾನೊಬ್ಬನೇ.